ಪಕ್ಕದಾಳಿನ ಗುಂಡಿ

ನನ್ನ ಬಲ ಮೊಳಕಾಲು ನೆಟ್ಟಗಾಗುವುದಿಲ್ಲ. ಹುಟ್ಟುವಾಗ ಸರಿಯಾಗಿಯೇ ಇತ್ತು. ಇಪ್ಪತ್ತಮೂರು ವರ್ಷ ಮಡಚಿಕೊಂಡು ಕೂತೆ, ಈಗ ಅದು ಹಾಗೆಯೇ ಉಳಿದುಬಿಟ್ಟಿದೆ. ನಮ್ಮೂರು ಮೊಳಕಾಲ್ಮೂರು. ಊರಿನ ಹೆಸರಿನಲ್ಲೇ ಮೊಳಕಾಲು ಇದೆಯಲ್ಲವ್ವ ಎಂದು ಮಗಳು ಶೃತಿ ನಗುತ್ತಾಳೆ. ಹೆಸರಿನಲ್ಲಿ ಇದೆ, ಸರಿ. ಊರಿನ ಕಣ್ಣಿಗೆ ನನ್ನ ಮೊಳಕಾಲು ಇದುವರೆಗೆ ಬಿದ್ದಿಲ್ಲ.

ನಾನು ಕರಿಯಕ್ಕ. ಹನುಮಂತರಾಜು ಅವರ ಮನೆಯ ಮಗ್ಗದಲ್ಲಿ ಪಕ್ಕದಾಳು. ನಮ್ಮೂರಿನ ರೇಷ್ಮೆ ಸೀರೆ ನೋಡಿದವರಿಗೆ ಗೊತ್ತಿರುತ್ತದೆ, ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ಹೊಲಿದು ಸೇರಿಸಿದ್ದಲ್ಲ. ನೇಯುವಾಗಲೇ ಕೂಡಿಸುತ್ತಾರೆ. ಯಜಮಾನ ಮೈಯ ಲಾಳಿ ಎಸೆಯುತ್ತಾನೆ. ಬಲಗಡೆ ಕೂತವಳು ಅಂಚಿನ ಲಾಳಿ ಎಸೆಯುತ್ತಾಳೆ. ಎರಡು ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತಿರುಗಬೇಕು. ಒಂದು ಸೀರೆಗೆ ಸಾವಿರಾರು ಸಲ. ಕೊಂಡಿ ತಪ್ಪಿದಲ್ಲಿ ಬಟ್ಟೆ ಬಾಯಿ ಬಿಡುತ್ತದೆ. ಆ ಬಲಗಡೆ ಕೂತವಳೇ ಪಕ್ಕದಾಳು. ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ.

ಮಗ್ಗದ ಕೆಳಗೆ ಗುಂಡಿ ಇರುತ್ತದೆ. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು, ತಳದ ಹಲಗೆ ತುಳಿಯುತ್ತಾ ನೇಯುತ್ತಾನೆ. ಗುಂಡಿಯ ಅಗಲ ಒಬ್ಬನ ಎರಡು ಕಾಲಿಗೆ ಸರಿಯಾಗುವಷ್ಟು. ಪಕ್ಕದಾಳಿಗೆ ಗುಂಡಿ ಇಲ್ಲ. ನೆಲದ ಮೇಲೆ ಒಂದು ಗೋಣಿಚೀಲ. ಬೆಳಿಗ್ಗೆ ಎಂಟಕ್ಕೆ ಕಾಲು ಮಡಚಿದರೆ ಮಧ್ಯಾಹ್ನ ಊಟಕ್ಕೆ ಬಿಚ್ಚುವುದು. ಮತ್ತೆ ಮಡಚಿದರೆ ಸಂಜೆ. ನಡುವೆ ಯಜಮಾನರೋ ಅವರ ಹೆಂಡತಿ ಗೀತಮ್ಮನೋ ಒಳಗೆ ಬಂದರೆ ಎದ್ದು ನಿಲ್ಲಬೇಕು. ಏಳು ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ಮೊದಲ ದಿನ ನಮ್ಮವ್ವ ಹೇಳಿಕೊಟ್ಟು ಕಳಿಸಿದ್ದಳು. ಆ ಮೊಳಕಾಲು ಹಿಡಿದುಕೊಂಡು ಏಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಆದರೂ ಎದ್ದಿದ್ದೇನೆ, ದಿನಕ್ಕೆ ಹತ್ತು ಸಲ.

ನಾವು ಮಾದಿಗರು. ಆ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಬೇಕು. ನನ್ನ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತದೆ. ಹಾಗಾದರೆ ಅವರ ಸೀರೆ ಹೇಗೆ ಮುಟ್ಟುತ್ತೀಯ ಎಂದು ನೀವು ಕೇಳಬಹುದು. ರೇಷ್ಮೆಗೆ ಮೈಲಿಗೆ ಇಲ್ಲವಂತೆ. ಯಾರು ಮುಟ್ಟಿದರೂ ಅದು ಮಡಿಯೇ ಅಂತೆ. ಎಷ್ಟು ಅನುಕೂಲದ ಮಾತು ನೋಡಿ. ನನ್ನ ಕೈ ಅವರಿಗೆ ಬೇಕು, ಅದಕ್ಕೆ ಕೈಗೆ ಮಾಫಿ. ಕಾಲು ಬೇಡ. ಗುಂಡಿಯಲ್ಲಿ ಅವರ ಮನೆದೇವತೆ ಕೂತಿದ್ದಾಳೆ, ಆಯುಧಪೂಜೆಯ ದಿನ ಗುಂಡಿಯ ಬಾಯಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ನಮ್ಮ ಕಾಲು ಅಲ್ಲಿಗೆ ಇಳಿಯಬಾರದು. ಆದರೆ ನನ್ನ ಕಾಲಿಗೆ ಕೆಲಸ ಗೊತ್ತು. ಇಪ್ಪತ್ತಮೂರು ವರ್ಷ ಒಂದು ಮೊಳ ದೂರದಲ್ಲಿ ಕೂತು ಇನ್ನೊಬ್ಬರ ಕಾಲು ತುಳಿಯುವುದನ್ನು ನೋಡಿದ್ದೇನೆ. ಮಲಗಿದಾಗ ನನ್ನ ಕಾಲು ಹಲಗೆ ತುಳಿಯುತ್ತದಂತೆ, ನಿದ್ದೆ ಕೆಡಿಸುತ್ತೀಯ ಎಂದು ಗಂಡ ಪಾಲಾಕ್ಷ ಬೈಯುತ್ತಾನೆ.

ಹೋದ ಚಳಿಗಾಲದಲ್ಲಿ ಒಂದು ಆಟೊ ಮೈಕು ಕಟ್ಟಿಕೊಂಡು ಊರೆಲ್ಲ ಸುತ್ತಿತು. ದುಡಿಯುವ ಕೈಗಳು ದೇಶದ ಆಸ್ತಿ, ಅವುಗಳನ್ನು ಬೆಳೆಸುವುದು, ಕಾಪಾಡುವುದು ಸರ್ಕಾರದ ಹೊಸ ನೀತಿ ಎಂದು ಕೂಗಿತು. ಮಗ್ಗದ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರಂತೆ. ಕಾರ್ಡಿನಲ್ಲಿ ಕುಶಲ ಕೆಲಸಗಾರ ಎಂದು ಬಂದರೆ ಸ್ವಂತದ್ದೊಂದು ಮಗ್ಗ ಸಿಗುತ್ತದಂತೆ. ಶೃತಿ ಚಳ್ಳಕೆರೆಯಲ್ಲಿ ಐಟಿಐ ಓದುತ್ತಾಳೆ. ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದಳು. ಅದರಲ್ಲಿ ರಾಷ್ಟ್ರದ ಕಾರ್ಯಪಡೆ ಎಂದು ಬರೆದಿತ್ತು. ಪಡೆ ಎಂದರೆ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನ ಬೇಲಿಯೊಳಗೆ ಬಂದೂಕು ಹಿಡಿದು ಇರುವವರು ಎಂದುಕೊಂಡಿದ್ದೆ ನಾನು. ಅಲ್ಲವ್ವ, ನೀನೇ ಕಾರ್ಯಪಡೆ ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಕ್ಕಿದ್ದು ನಿಜ, ಆಸೆ ಹುಟ್ಟಿದ್ದೂ ನಿಜ. ಸ್ವಂತ ಮಗ್ಗ ಎಂದರೆ ನನಗೆ ಸೀರೆ ನೆನಪಾಗಲಿಲ್ಲ, ಕೂಲಿ ನೆನಪಾಗಲಿಲ್ಲ. ಗುಂಡಿ ನೆನಪಾಯಿತು. ನನ್ನ ಕಾಲು ಇಳಿಬಿಟ್ಟು ಕೂರುವುದಕ್ಕೆ ನನ್ನದೇ ಒಂದು ಗುಂಡಿ. ಆಸ್ಪತ್ರೆಯ ಡಾಕ್ಟರು ಮೊಳಕಾಲು ನೋಡಿ, ಇನ್ನು ಮೇಲೆ ಕಾಲು ಮಡಚಿ ಕೂರಬೇಡ ಎಂದಿದ್ದರು. ಕೂರದೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ನೋವಿನ ಗುಳಿಗೆ ಬರೆದುಕೊಟ್ಟರು.

ಸಮುದಾಯ ಭವನದಲ್ಲಿ ಶಿಬಿರ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಶೃತಿಯ ಜೊತೆ ಹೋಗಿ ಸಾಲಿನಲ್ಲಿ ನಿಂತೆ. ಕಂಪ್ಯೂಟರಿನ ಹುಡುಗಿ ನನ್ನ ಹೆಸರು ಹೊಡೆದು, ಕೆಲಸ ಏನು ಎಂದಳು. ರೇಷ್ಮೆ ಸೀರೆ ನೇಯುವುದು ಎಂದೆ. ಮಗ್ಗ ಯಾರದು ಎಂದಳು. ಹೇಳಿದೆ. ಅವಳು ಏನೋ ಒತ್ತಿ ಒಂದು ಚೀಟಿ ಕೊಟ್ಟಳು. ಶೃತಿ ಓದಿದಳು. ಕರಿಯಕ್ಕ, ಸಹಾಯಕಿ, ಅಕುಶಲ.

ಅಕುಶಲ ಎಂದರೆ ಏನು ಎಂದೆ. ಕೆಲಸ ಬಾರದವರು ಎಂದಳು ಮಗಳು. ನನ್ನ ಕಿವಿ ಬಿಸಿಯಾಯಿತು. ಕೆಲಸ ಬಾರದವಳಂತೆ. ನಾನು ಕೂಡಿಸಿದ ಅಂಚು ಎಷ್ಟು ಮದುವೆಗಳಲ್ಲಿ ಓಡಾಡಿದೆಯೋ ಲೆಕ್ಕವಿಟ್ಟವರಿಲ್ಲ. ಎಲ್ಲಾದರೂ ಒಂದು ಅಂಚು ಬಿಟ್ಟುಕೊಂಡಿತು ಎಂದು ದೂರು ಬಂದಿದ್ದರೆ ಹೇಳಲಿ.

ಚಿತ್ರದುರ್ಗದಿಂದ ಬಂದಿದ್ದ ಸಾಹೇಬರ ಮೇಜಿಗೆ ಹೋದೆವು. ಗುಂಡಿಗೆ ಕಾಲು ಹಾಕಿ ನೇಯುವವರು ನೇಕಾರರು, ಪಕ್ಕ ಕೂತವರು ಸಹಾಯಕರು, ನಿಯಮ ಹಾಗಿದೆ ಎಂದರು. ನನಗೂ ಬರುತ್ತದೆ ಎಂದೆ. ಬುಧವಾರ ಹನುಮಂತರಾಜು ಅವರ ಮನೆಯಲ್ಲೇ ಪರೀಕ್ಷೆಯ ವಿಡಿಯೊ ಮಾಡುತ್ತೇವೆ, ಕಾಲು ಹಾಕಿ ಒಂದು ಗೇಣು ನೇಯ್ದು ತೋರಿಸು, ನೋಡೋಣ ಎಂದರು. ಸಾಹೇಬರು ಕೆಟ್ಟವರಂತೆ ಕಾಣಲಿಲ್ಲ. ಆ ಗುಂಡಿಗೆ ಯಾರ ಕಾಲು ಇಳಿಯುತ್ತದೆ, ಯಾರದು ಇಳಿಯುವುದಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಯಾರೋ ಕೂತು ನಿಯಮ ಬರೆದಿದ್ದರು. ನಮ್ಮನ್ನು ಗುಂಡಿಯಿಂದ ದೂರ ಇಟ್ಟಿದ್ದು ಆ ಮನೆ. ದೂರ ಇದ್ದೀಯ, ಆದ್ದರಿಂದ ನಿನಗೆ ಕೆಲಸ ಬಾರದು ಎಂದು ಠಸ್ಸೆ ಒತ್ತಿದ್ದು ಸರ್ಕಾರ.

ಮಾರನೆಯ ದಿನ ಯಜಮಾನರನ್ನು ಕೇಳಿದೆ. ಹನುಮಂತರಾಜು ಕೈ ಎತ್ತಿದವರಲ್ಲ, ಕೂಗಾಡಿದವರಲ್ಲ. ನೀನು ನಮ್ಮನೆ ಮಗಳಿದ್ದ ಹಾಗೆ ಎಂದು ಆಗಾಗ ಹೇಳುತ್ತಾರೆ. ಆ ಪರೀಕ್ಷೆಯಲ್ಲಿ ಗೆದ್ದರೆ ಅವರಿಗೆ ತರಬೇತಿ ಕೇಂದ್ರದಲ್ಲಿ ಗುರುವಿನ ಹುದ್ದೆ ಸಿಗುವುದಿತ್ತು. ನನ್ನ ಮಾತು ಕೇಳಿ ಅವರು ಲಾಳಿ ಕೆಳಗಿಟ್ಟರು.

"ಒಂದೇ ಒಂದು ಗೇಣು ಯಜಮಾನ್ರೇ. ಕಾಲು ತೊಳ್ಕಂಡೇ ಇಳೀತೀನಿ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೀತಮ್ಮ ಗಂಡನಿಗೆ ತೆಲುಗಿನಲ್ಲಿ ಏನೋ ಅಂದಳು. ಅವರ ಮನೆಯ ಮಾತು ತೆಲುಗು. ನನಗೂ ಬರುತ್ತದೆ, ಬೈಗುಳದ ಸಮೇತ. ಇವತ್ತು ಕಾಲು, ನಾಳೆ ಅಡುಗೆಮನೆ ಅಂದಿದ್ದಳು ಅವಳು.

"ಗುಂಡಿ ವಿಷ್ಯ ಬ್ಯಾಡ ಕರಿಯಕ್ಕ. ನಮ್ಮಪ್ಪನ ಕಾಲದಿಂದ ನಡೆದು ಬಂದಿಲ್ಲ" ಎಂದರು ಯಜಮಾನರು. ಆಮೇಲೆ ನನ್ನ ಮುಖ ನೋಡಿ ಒಂದು ದಾರಿ ಹೇಳಿದರು. ವಿಡಿಯೊದಲ್ಲಿ ನಾನು ಅವರ ಪಕ್ಕದಲ್ಲೇ ಕೂತು ಅಂಚು ಕೂಡಿಸುವುದು ಕಾಣುತ್ತದೆ. ಈಕೆ ಇಲ್ಲದೆ ಈ ಸೀರೆ ಆಗುವುದಿಲ್ಲ ಎಂದು ಅವರೇ ಸಾಹೇಬರ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಕಣ್ಣಾರೆ ಕಂಡ ಮೇಲೆ ಸಾಹೇಬರು ಕುಶಲ ಎಂದು ಬರೆಯದೆ ಇರುತ್ತಾರಾ?

ನಂಬಿದೆ. ಇದೊಂದು ತಪ್ಪು ನನ್ನದು.

ಬುಧವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಮಗಳು ಹಿಂದಿನ ದಿನ ಚಳ್ಳಕೆರೆಯಿಂದ ಹಸಿರು ಗಾಜಿನ ಬಳೆ ತಂದಿದ್ದಳು, ಕೈಗೆ ಆರಾರು. ವಿಡಿಯೊದಲ್ಲಿ ಕೈ ಚೆನ್ನಾಗಿ ಕಾಣಲಿ ಎಂದು ಅವಳೇ ತೊಡಿಸಿದಳು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಗೋಣಿಚೀಲ ಹಾಸಿ ಕೂತೆ. ಮಗ್ಗದ ಮೇಲೆ ಕುಂಕುಮ ಬಣ್ಣದ ಮೈ, ಹಸಿರು ಅಂಚು. ಬಳೆಗೂ ಅಂಚಿಗೂ ಬಣ್ಣ ಸರಿಹೋಗಿತ್ತು. ಅದನ್ನು ನೋಡಿ ನನಗೆ ಸಂತೋಷವಾಯಿತು.

ಸಾಹೇಬರು ಹತ್ತು ಗಂಟೆಗೆ ಬಂದರು, ಜೊತೆಗೆ ಮೊಬೈಲು ಸ್ಟ್ಯಾಂಡು ಹಿಡಿದ ಒಬ್ಬ ವಿಡಿಯೊದವನು. ಎದ್ದು ನಿಂತೆ. ಅವರು ಕಾಫಿ ಕುಡಿದು ಮುಗಿಸುವವರೆಗೆ ನಿಂತೇ ಇದ್ದೆ. ಒಂದು ಗೇಣು ನೇಯ್ದು ತೋರಿಸು ಎಂದಿದ್ದು ಸಾಹೇಬರಿಗೆ ನೆನಪಿದ್ದಂತೆ ಕಾಣಲಿಲ್ಲ. ಆಮೇಲೆ ಯಜಮಾನರು ಗುಂಡಿಗೆ ನಮಸ್ಕಾರ ಮಾಡಿ ಕಾಲು ಇಳಿಸಿದರು. ನಾನು ಪಕ್ಕದಲ್ಲಿ ಕಾಲು ಮಡಚಿದೆ. ವಿಡಿಯೊದವನು ಮೊಬೈಲಿನಲ್ಲಿ ನೋಡಿ, ಸಾರ್ ಇಬ್ಬರು ಬರ್ತಾ ಇದ್ದಾರೆ ಎಂದ.

ಸಾಹೇಬರು ಬಂದು ಬಗ್ಗಿ ನೋಡಿದರು. "ನೀನು ಸ್ವಲ್ಪ ಹಿಂದೆ ಸರಿಯಮ್ಮ" ಎಂದರು. ಒಂದು ಮಗ್ಗಕ್ಕೆ ಒಬ್ಬನೇ ಕುಶಲ ಕೆಲಸಗಾರ, ವಿಡಿಯೊದಲ್ಲಿ ಇಬ್ಬರು ಕಂಡರೆ ಮೇಲಿನವರು ಅರ್ಜಿಯನ್ನು ವಾಪಸ್ ಕಳಿಸುತ್ತಾರೆ ಎಂದು ಯಜಮಾನರಿಗೆ ವಿವರಿಸಿದರು.

ನಾನು ಯಜಮಾನರ ಕಡೆ ನೋಡಿದೆ. ಹೇಳುತ್ತೇನೆ ಎಂದಿದ್ದರಲ್ಲ, ಈಗ ಹೇಳಲಿ ಎಂದು ಕಾದೆ. ಅವರು ಸರಿಯಾಗಿಯೇ ಇದ್ದ ಒಂದು ಎಳೆಯನ್ನು ಸರಿಮಾಡುತ್ತಾ ಕೂತಿದ್ದರು.

ನಾನು ಸರಿದೆ. ಸುಳ್ಳು ಯಾಕೆ ಹೇಳಲಿ, ಸರಿದೆ. ಯಾರಾದರೂ ಸರಿ ಎಂದರೆ ನನ್ನ ಮೈ ತಾನಾಗಿಯೇ ಸರಿಯುತ್ತದೆ. ಗೋಡೆಗೆ ಬೆನ್ನು ಒತ್ತಿ, ಸೊಂಟ ತಿರುಚಿ, ಕೈಯೊಂದನ್ನೇ ಮುಂದೆ ಚಾಚಿ ಲಾಳಿ ಎಸೆದೆ. ನಾಲ್ಕು ಎಸೆತ, ಐದು ಎಸೆತ. ಮೊಳಕಾಲಿನೊಳಗೆ ಸೂಜಿ ಆಡಿತು. ಆದರೂ ಒಂದು ಕೊಂಡಿಯೂ ತಪ್ಪಲಿಲ್ಲ.

ವಿಡಿಯೊದವನು ಮತ್ತೆ ನಿಲ್ಲಿಸಿದ. ಬಳೆ ಕಾಣುತ್ತವೆ ಸಾರ್, ಸದ್ದೂ ಬರುತ್ತದೆ ಎಂದ.

"ಬಳೆ ತೆಗಿಯಮ್ಮ" ಎಂದರು ಸಾಹೇಬರು.

ನನಗೆ ಅರ್ಥವಾಗಲಿಲ್ಲ. ಏನು ತೆಗೆಯಬೇಕು ಎಂದು ಕೇಳಿದೆ. ಬಳೆ, ಬಳೆ ಎಂದು ತಮ್ಮ ಮುಂಗೈ ತೋರಿಸಿದರು. ಬಳೆ ಇಲ್ಲದಿದ್ದರೆ ಅದು ಯಾರ ಕೈ ಎಂದು ನೋಡುವವರಿಗೆ ತಿಳಿಯುವುದಿಲ್ಲವಂತೆ. ಯಜಮಾನರದೇ ಇನ್ನೊಂದು ಕೈ ಇದ್ದರೂ ಇರಬಹುದು ಎಂದುಕೊಳ್ಳುತ್ತಾರಂತೆ. ನಾನು ಗೀತಮ್ಮನನ್ನು ನೋಡಿದೆ. ಅವಳ ಕೈಯಲ್ಲೂ ಬಳೆಗಳಿದ್ದವು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತೆಗಿ ಕರಿಯಕ್ಕ, ಐದು ನಿಮಿಷದ ಮಾತು" ಎಂದರು ಯಜಮಾನರು. ಅಷ್ಟು ಹೊತ್ತಿನಲ್ಲಿ ಅವರು ಬಾಯಿ ಬಿಟ್ಟಿದ್ದು ಅದೊಂದಕ್ಕೆ.

ನಮ್ಮಲ್ಲಿ ಹೆಂಗಸಿನ ಕೈಯಿಂದ ಬಳೆ ತೆಗೆಸುವುದು ಗಂಡ ಸತ್ತ ದಿನ. ನನ್ನ ಗಂಡ ಬದುಕಿದ್ದಾನೆ. ಆ ಹೊತ್ತಿನಲ್ಲಿ ಚಳ್ಳಕೆರೆಯ ಕಡೆ ಬಿಸಿಲಿನಲ್ಲಿ ನಿಂತು ಸೋಲಾರ್ ಕಂಬಗಳಿಗೆ ಗುಂಡಿ ತೋಡುತ್ತಿದ್ದ. ನನಗೆ ಬಂದ ಸಿಟ್ಟು ಹೇಳುವಂಥದ್ದಲ್ಲ. ಹಿತ್ತಲ ಬಾಗಿಲು ಸಹಿಸಿದೆ. ಗೂಡಿನ ಲೋಟ ಸಹಿಸಿದೆ. ಗೋಡೆಗೆ ಒತ್ತಿಕೋ ಎಂದಾಗಲೂ ಒತ್ತಿಕೊಂಡೆ. ಈಗ ನನ್ನ ಕೈಯನ್ನು ನನ್ನದಲ್ಲ ಎನ್ನಿಸಬೇಕು, ಅದಕ್ಕೆ ನಾನೇ ಬಳೆ ಬಿಚ್ಚಿಕೊಡಬೇಕು. ಲಾಳಿಯನ್ನು ಬಟ್ಟೆಯ ಮೇಲೆ ಇಟ್ಟೆ. ಮೆತ್ತಗೆ ಇಟ್ಟೆ, ಎಳೆ ಹರಿಯಬಾರದು.

"ನಾನು ಎಸೆಯಲ್ಲ" ಎಂದೆ.

ಸಾಹೇಬರು ಈಗ ತೆಗೆದಿಡು, ಆಮೇಲೆ ಹಾಕಿಕೋ ಎಂದರು. ಕಾರ್ಡಿನ ವಿಷಯ ಮೇಲಿನವರಿಗೆ ಹೇಳುತ್ತೇನೆ ಎಂದರು. ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಯಜಮಾನರಿಗೆ ಅವಮಾನವಾಯಿತು. ಇವಳಿಲ್ಲದಿದ್ದರೆ ಏನಂತೆ, ನಾನೊಬ್ಬನೇ ನೇಯುತ್ತೇನೆ ಎಂದು ವಿಡಿಯೊದವನಿಗೆ ಶುರು ಮಾಡಲು ಹೇಳಿದರು. ಮೈಯ ಲಾಳಿ ಎಸೆದು, ಬಲಕ್ಕೆ ಬಾಗಿ ಅಂಚಿನ ಲಾಳಿಯನ್ನೂ ತಾವೇ ಎಸೆದರು. ಬಾಗಿದಾಗ ಕಾಲಿನ ಲಯ ತಪ್ಪಿತು. ಕಾಲು ನೋಡಿದರೆ ಕೊಂಡಿ ತಪ್ಪಿತು. ಹತ್ತು ಹನ್ನೆರಡು ಎಸೆತದ ಹೊತ್ತಿಗೆ ಹಣೆ ಬೆವರಿತು. ಕೆಂಪು ಮೈ ಒಂದು ಕಡೆ, ಹಸಿರು ಅಂಚು ಒಂದು ಕಡೆ, ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತು.

ಸಾಹೇಬರು ಅದರೊಳಗೆ ಬೆರಳಿಟ್ಟು ನೋಡಿದರು. ಇದೇನು ತೂತು ಎಂದು ಕೇಳಿದರು.

"ಅಲ್ಲಿ ಇರ್ತಿದ್ದದ್ದು ನನ್ನ ಕೆಲ್ಸ ಸಾರ್" ಎಂದೆ. "ಈಗ ಕಾಣ್ತಾ ಐತಾ?"

ಗೀತಮ್ಮ ಹಿತ್ತಲ ಕಡೆಯಿಂದ ಓಡಿ ಹೋಗಿ ಎರಡು ಮನೆ ಆಚೆ ಪಕ್ಕದಾಳಾಗಿರುವ ರಂಗಕ್ಕನನ್ನು ಕರೆತಂದಳು. ರಂಗಕ್ಕ ನಮ್ಮ ಕೇರಿಯವಳೇ, ನನಗಿಂತ ಹಿರಿಯಳು. ಹಿತ್ತಲ ಬಾಗಿಲಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತಾ, ಏನಾಯ್ತೇ ಎಂದು ನನ್ನನ್ನೇ ಕೇಳಿದಳು. ಬಳೆ ತೆಗಿ ಅಂದರು ಎಂದೆ. ರಂಗಕ್ಕ ಗಂಡ ಸತ್ತವಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಅವಳು ಕೂತಿದ್ದರೆ ಯಾರಿಗೂ ತೊಂದರೆಯೇ ಇರಲಿಲ್ಲ. ಒಂದು ಸಲ ಸಾಹೇಬರನ್ನು ನೋಡಿದಳು, ಒಂದು ಸಲ ಯಜಮಾನರನ್ನು ನೋಡಿದಳು, ತಿರುಗಿ ಹೊರಟುಹೋದಳು.

ನನಗೆ ಅಳು ಬಂದಿದ್ದು ಆಗ. ತಡೆದುಕೊಂಡು, ಗೋಡೆ ಹಿಡಿದು ಎದ್ದೆ. ಈಗ ಎದ್ದು ಹೋದರೆ ಸಹಾಯಕಿಯರ ಪಟ್ಟಿಯಿಂದಲೂ ಹೆಸರು ತೆಗೆಯಬೇಕಾಗುತ್ತದೆ ಎಂದು ಸಾಹೇಬರು ಎಚ್ಚರಿಸಿದರು.

"ತೆಗೀರಿ ಸಾರ್. ಕೆಲ್ಸ ಬರಲ್ಲ ಅಂತ ಬರ್ದಿರೋ ಪಟ್ಟಿಯಾಗೆ ನಾನ್ಯಾಕೆ ಇರ್ಲಿ" ಎಂದೆ.

ಮುಂದಿನ ಬಾಗಿಲು ಹತ್ತಿರವಿತ್ತು. ಅದರಿಂದಲೇ ಹೊರಗೆ ಬಂದೆ. ಇಪ್ಪತ್ತಮೂರು ವರ್ಷದಲ್ಲಿ ಆ ಮನೆಯ ಮುಂಬಾಗಿಲಿನ ಹೊಸಿಲು ನಾನು ದಾಟಿರಲಿಲ್ಲ. ಹಿತ್ತಲಿನದಕ್ಕಿಂತ ಎತ್ತರ ಇದೆ, ಕಾಲು ಎತ್ತಿಡುವುದಕ್ಕೆ ಕಷ್ಟವಾಯಿತು.

ಭಾನುವಾರ ಪಾಲಾಕ್ಷನಿಗೆ ರಜೆ. ನಮ್ಮದು ಒಂದೇ ಕೋಣೆಯ ಆಶ್ರಯ ಮನೆ. ಎರಡು ವರ್ಷದ ಹಿಂದೆ ಅವನೇ ಸಿಮೆಂಟು ನೆಲ ಹಾಕಿದ್ದ. ಅದರ ಮೇಲೆ ಯಾರಾದರೂ ಚೊಂಬು ದಡಕ್ಕನೆ ಇಟ್ಟರೂ ಮುಖ ಸಿಂಡರಿಸುತ್ತಿದ್ದ. ಈ ನೆಲ ಒಡೆದು ನನಗೊಂದು ಗುಂಡಿ ತೋಡಿಕೊಡು ಎಂದೆ. ಮಗ್ಗ ಎಲ್ಲಿದೆ ಎಂದು ಕೇಳಿದ. ಮಗ್ಗ ಆಮೇಲೆ ಎಂದೆ. ನನ್ನ ಮೊಳಕಾಲು ನೋಡಿದ, ಬಳೆ ನೋಡಿದ. ಮೂಲೆಯಿಂದ ಹಾರೆ ತಂದ.

"ಊರೋರ ಕಂಬಕ್ಕೆಲ್ಲ ತೋಡೀನಿ, ನಿಂಗೆ ತೋಡದೆ ಇರ್ತೀನಾ. ಎಷ್ಟ್ ಅಗಲ ಬೇಕು ಹೇಳು" ಎಂದ.

"ಇಬ್ರು ಕಾಲು ಇಳಿಬಿಡೋ ಅಷ್ಟು" ಎಂದೆ.

ಸಿಮೆಂಟು ಒಡೆದ ಸದ್ದಿಗೆ ಕೇರಿಯೇ ಬಂದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಗುಂಡಿ ಸೊಂಟದಷ್ಟು ಆಳವಾಗಿತ್ತು. ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟೆ. ಎಡಗಾಲು ಸಲೀಸಾಗಿ ಇಳಿಯಿತು. ಬಲಗಾಲು ಅರ್ಧಕ್ಕೆ ನಿಂತಿತು. ಶೃತಿ ಗುಂಡಿಗೆ ಇಳಿದು ಪಾದ ಹಿಡಿದು ಮೆಲ್ಲಗೆ ಎಳೆದಳು. ನೋವಿಗೆ ಕೂಗಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಬೆರಳಷ್ಟು ಇಳಿಯಿತು. ರಂಗಕ್ಕ ಬಂದು, ಆ ಕಡೆ ಸರಿಯೇ, ನಂಗೂ ಜಾಗ ಕೊಡು ಎಂದು ಪಕ್ಕದಲ್ಲಿ ಕೂತು ಕಾಲು ಬಿಟ್ಟಳು. ಕೇರಿಯಲ್ಲಿ ನಾವು ಪಕ್ಕದಾಳುಗಳು ಹನ್ನೊಂದು ಜನ. ಎಲ್ಲರೂ ಸರದಿಯಲ್ಲಿ ಕೂತು ನೋಡಿದರು. ಎಲ್ಲರ ಬಲ ಮೊಳಕಾಲೂ ಒಂದೇ ಥರ ಅರ್ಧಕ್ಕೆ ನಿಂತಿತು. ಅಲ್ಲಿಯವರೆಗೆ ಪ್ರತಿಯೊಬ್ಬಳೂ ಅದು ತನ್ನೊಬ್ಬಳ ಕಾಯಿಲೆ ಎಂದುಕೊಂಡಿದ್ದಳು.

ಅಲ್ಲಿಯೇ ಶೃತಿ ಅರ್ಜಿ ಬರೆದಳು. ನಮಗೆ ಕೆಲಸ ಬರುತ್ತದೆ, ಗುಂಡಿ ನಮ್ಮಲ್ಲೂ ಇದೆ, ಮಗ್ಗ ತಂದು ಇಲ್ಲಿಯೇ ಪರೀಕ್ಷೆ ಮಾಡಿ, ಅಲ್ಲಿಯವರೆಗೆ ನಾವು ಪಕ್ಕ ಕೂರುವುದಿಲ್ಲ ಎಂದು ಹನ್ನೊಂದು ಜನ ರುಜು ಹಾಕಿದೆವು. ಸೋಮವಾರದಿಂದ ಊರಿನ ಹನ್ನೊಂದು ಮಗ್ಗಗಳಲ್ಲಿ ಅಂಚು ನಿಂತಿತು. ಸಾಹೇಬರಿಂದ ಉತ್ತರ ಬರಲಿಲ್ಲ. ಎರಡನೆಯ ವಾರ ಒಬ್ಬಳು ಮನೆಯ ಕಷ್ಟ ತಾಳದೆ ಕೆಲಸಕ್ಕೆ ಹೋದಳು. ಅವಳನ್ನು ನಾವು ಬೈಯಲಿಲ್ಲ. ಉಳಿದ ಹತ್ತು ಜನ ಶೇಂಗಾ ಬಿಡಿಸುವ ಕೂಲಿಗೆ ಹೋದೆವು. ಸಂಜೆ ಬಂದು ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಕೂರುತ್ತಿದ್ದೆವು.

ಮೂರನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ಹನುಮಂತರಾಜು ನಮ್ಮ ಕೇರಿಗೆ ಬಂದರು. ಅವರು ನಮ್ಮ ಕೇರಿಗೆ ಕಾಲಿಟ್ಟಿದ್ದು ಅದೇ ಮೊದಲು. ನನ್ನ ಮನೆ ಯಾವುದು ಎಂದು ಮೂರು ಕಡೆ ಕೇಳಬೇಕಾಯಿತು ಪಾಪ. ಬಾಗಿಲಿಗೆ ಬಂದು ನಿಂತರು. ನಾನೂ ರಂಗಕ್ಕನೂ ಗುಂಡಿಯಲ್ಲಿ ಕಾಲು ಬಿಟ್ಟು ಕೂತು ಶೇಂಗಾ ಸುಲಿಯುತ್ತಿದ್ದೆವು. ಸೀರೆ ಅರ್ಧಕ್ಕೆ ನಿಂತಿದೆ, ವಿಡಿಯೊ ಮತ್ತೆ ಮಾಡುತ್ತಾರಂತೆ, ಶನಿವಾರ ಕಡೆಯ ದಿನ ಎಂದರು.

"ಬಳೆ ತೆಗೆಯಾದು ಬ್ಯಾಡ ಕರಿಯಕ್ಕ. ಬಾ" ಎಂದರು.

ಅವರ ದನಿ ನಿಜಕ್ಕೂ ಇಳಿದಿತ್ತು. ನನ್ನ ಮೊಳಕಾಲು ಹಳೆಯ ಅಭ್ಯಾಸಕ್ಕೆ ಏಳಲು ಹೊರಟು ತಾನಾಗಿಯೇ ಅಲುಗಿತು. ತೊಡೆಯ ಮೇಲೆ ಕೈಯಿಟ್ಟು ಅದನ್ನು ಒತ್ತಿ ಹಿಡಿದೆ.

"ಹೊರಗೆ ಯಾಕೆ ನಿಂತ್ರಿ ಯಜಮಾನ್ರೇ, ಒಳಗೆ ಬರ್ರಿ" ಎಂದೆ. "ಇಲ್ಲಿ ಇಬ್ರಿಗೆ ಜಾಗ ಐತೆ. ಕುಂತು ಕಾಲು ಇಳಿಬಿಡ್ರಿ. ಆಮೇಲೆ ಮಾತಾಡೋಣ."

ರಂಗಕ್ಕ ಮೊರ ಹಿಡಿದುಕೊಂಡು ಎದ್ದು ಜಾಗ ಬಿಟ್ಟಳು. ಅವರು ಹೊಸಿಲ ಆಚೆ ಚಪ್ಪಲಿ ಬಿಡದೆ ನಿಂತು, ಗುಂಡಿಯನ್ನೇ ನೋಡುತ್ತಿದ್ದರು. ಒಳಗೂ ಬರಲಿಲ್ಲ, ವಾಪಸ್ಸೂ ಹೋಗಲಿಲ್ಲ. ನಾನು ಏಳಲಿಲ್ಲ.